ಸೈಕಲ್ ದಾರಿ, ಕಾಲುದಾರಿ: ಬಡಾವಣೆಯವರನ್ನು ಕೇಳಿಯೇ ಹಾಕಬೇಕೇ?

ಬೆಂಗಳೂರು 2025ರ ಸೆಪ್ಟೆಂಬರಿನಲ್ಲಿ ಐದು ನಗರಪಾಲಿಕೆಗಳಾಗಿ ಒಡೆಯಿತು. ಆಡಳಿತ ಜನರಿಗೆ ಹತ್ತಿರವಾಗಬೇಕೆಂಬುದೇ ಅದಕ್ಕೆ ಕೊಟ್ಟ ಕಾರಣ. ಹಾಗಾದರೆ ನಡೆದು ಹೋಗುವವರ, ಸೈಕಲ್ ತುಳಿಯುವವರ ದಾರಿಗಳು ಎಲ್ಲಿ ಹಾಯಬೇಕೆಂದು ಆಯಾ ಬಡಾವಣೆಯ ಜನರ ಜೊತೆ ಕೂತೇ ತೀರ್ಮಾನಿಸಬೇಕೇ? ಇಬ್ಬರು ಇಲ್ಲಿ ವಾದಿಸಿದ್ದಾರೆ.

ಪರ: ನೀರು ಎಲ್ಲಿ ನಿಲ್ಲುತ್ತದೆಂದು ಗೊತ್ತಿರುವುದು ಅಲ್ಲಿಯವರಿಗೆ

*ಲೇಖಕರು ನಿವೃತ್ತ ಸಿವಿಲ್ ಎಂಜಿನಿಯರ್, ನಿವಾಸಿಗಳ ಸಂಘವೊಂದರ ಪದಾಧಿಕಾರಿ*

ಸಂಪಾದಕರು ಕೊಟ್ಟ ಜಾಗ ಚಿಕ್ಕದು, ಸಮಯ ಇನ್ನೂ ಚಿಕ್ಕದು. ಆದ್ದರಿಂದ ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು ಮಾಹಿತಿ. ಇಲಾಖೆಯ ಡ್ರಾಯಿಂಗಿನಲ್ಲಿ ರಸ್ತೆಯ ಅಗಲ, ಮೋರಿಯ ಆಳ ಇರುತ್ತವೆ. ಮಳೆ ಸುರಿದ ಅರ್ಧ ಗಂಟೆಗೆ ಯಾವ ಕ್ರಾಸಿನಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ಯಾವ ಮೂಲೆಯ ಬಾರ್ ದೆಸೆಯಿಂದ ಹೆಣ್ಣುಮಕ್ಕಳು ಸಂಜೆಯ ಮೇಲೆ ಸುತ್ತು ಹಾಕಿಕೊಂಡು ಹೋಗುತ್ತಾರೆ ಎಂಬುದು ಇರುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆ ಇಲ್ಲದ ಜಾಗ ಇರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಒಳ್ಳೆಯ ಅಳತೆಗಳೇ. ಒಮ್ಮೆ ನಮ್ಮ ಬಡಾವಣೆಯಲ್ಲಿ ದೃಷ್ಟಿ ಇಲ್ಲದ ನೆರೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೊಸ ಫುಟ್‌ಪಾತಿನ ಮೇಲೆ ನಡೆದೆವು. ಅವರ ಕೋಲು ನೆಲದಲ್ಲಿದ್ದ ಸಡಿಲ ಚಪ್ಪಡಿ, ಬಾಯಿಬಿಟ್ಟ ಚೇಂಬರ್ ಎಲ್ಲವನ್ನೂ ಪತ್ತೆ ಮಾಡಿತು. ಆದರೆ ಕರೆಂಟ್ ಕಂಬದ ಸ್ಟೇ ವೈರು ಮೇಲಿನಿಂದ ಓರೆಯಾಗಿ ಇಳಿದು ಅವರ ಹಣೆಗೇ ತಗುಲಿತು. ಟೇಪು ಹಿಡಿದು ಅಳೆದರೆ ಆ ಫುಟ್‌ಪಾತಿನಲ್ಲಿ ಒಂದು ದೋಷವೂ ಇರಲಿಲ್ಲ.

ಎರಡನೆಯದು ಕಾನೂನು. ಸಂವಿಧಾನದ 74ನೇ ತಿದ್ದುಪಡಿ 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದಿದೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯೂ ವ್ಯಾಪಾರಿಗಳ ಪ್ರತಿನಿಧಿಗಳಿರುವ ಸಮಿತಿಯನ್ನು ಕೇಳಿಯೇ ಜಾಗ ಗೊತ್ತುಮಾಡಿ ಎನ್ನುತ್ತದೆ. ಫುಟ್‌ಪಾತ್ ಎಂದ ಮೇಲೆ ಹೂವಿನವರು, ತರಕಾರಿ ಗಾಡಿಯವರು ಬಂದೇ ಬರುತ್ತಾರೆ. ಅವರನ್ನು ಬಿಟ್ಟು ನಕ್ಷೆ ಬರೆದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಮೂರನೆಯದನ್ನು ನಾನು ಮುಖ್ಯ ಎಂದುಕೊಂಡಿದ್ದೇನೆ. ದಾರಿ ಹಾಕಿದ ಮಾರನೆಯ ದಿನದಿಂದ ಅದನ್ನು ಕಾಯುವವರು ಯಾರು? ಜಯನಗರದಲ್ಲಿ ಒಂದು ದಶಕಕ್ಕೂ ಹಿಂದೆ ಸೈಕಲ್ ಪಥ ಮಾಡಿದರು. ಅದು ಕಾರು ನಿಲ್ಲಿಸುವ ಜಾಗವಾಯಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬೊಲ್ಲಾರ್ಡ್ ನೆಟ್ಟು ಸೈಕಲ್ಲಿಗೆಂದು ಬಿಟ್ಟ ಪಟ್ಟಿಯೊಳಕ್ಕೆ ಬೈಕುಗಳು ನುಗ್ಗಿದವು. ಪ್ರತಿ ಬೀದಿಗೂ ಒಬ್ಬ ಟ್ರಾಫಿಕ್ ಪೊಲೀಸರನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಆಗುವುದಿಲ್ಲ. ಆ ದಾರಿ ತಮ್ಮದು ಎಂದುಕೊಂಡವರು ಅಲ್ಲಿದ್ದರೆ ಕಾರು ನಿಲ್ಲಿಸಲು ಬಂದವರನ್ನು ತಡೆದು ಮಾತನಾಡುತ್ತಾರೆ, ಕಿತ್ತುಹೋದ ಕಲ್ಲಿನ ಬಗ್ಗೆ ದೂರು ಕೊಡುತ್ತಾರೆ, ಜಲಮಂಡಳಿಯವರು ಅಗೆದು ಹೋದರೆ ಬೆನ್ನು ಹತ್ತುತ್ತಾರೆ. ನನ್ನ ಸೇವಾವಧಿಯಲ್ಲಿ ಕಂಡದ್ದೂ ಇದೇ. ಜನ ಕೇಳಿ ಮಾಡಿಸಿಕೊಂಡ ಕೆಲಸ ಉಳಿಯುತ್ತಿತ್ತು. ಬಜೆಟ್ ಮುಗಿಸಲೆಂದು ಮಾರ್ಚಿನಲ್ಲಿ ಮಾಡಿದ ಕೆಲಸ ಮುಂಗಾರಿಗೆ ಕೊಚ್ಚಿ ಹೋಗುತ್ತಿತ್ತು. ಪಥದ ಮೇಲೆ ಕಾರು ನಿಲ್ಲಿಸುವವರಲ್ಲಿ ಆ ಬೀದಿಯವರೂ ಇರುತ್ತಾರೆ, ಅದನ್ನು ಒಪ್ಪುತ್ತೇನೆ. ಅವರನ್ನು ಒಪ್ಪಿಸುವುದೇ ಸಭೆಯ ಕೆಲಸ.

ನಾಲ್ಕನೆಯದು, ತಡವಾಗುತ್ತದೆ ಎಂಬ ಆಕ್ಷೇಪ. ಒಂದೆರಡು ತಿಂಗಳು ತಡವಾಗಬಹುದು. ಹಾಕಿ ಕಿತ್ತು ಮತ್ತೆ ಹಾಕುವ ಖರ್ಚಿನ ಮುಂದೆ ಅದು ದೊಡ್ಡದಲ್ಲ. ಸಭೆಗೆ ಎಲ್ಲರೂ ಬರುವುದಿಲ್ಲ ಎಂಬುದೂ ನಿಜ. ಬರುವವರಲ್ಲಿ ಹೆಚ್ಚಿನವರು ಸ್ವಂತ ಮನೆಯವರು, ನನ್ನ ವಯಸ್ಸಿನವರು, ಬಾಡಿಗೆಯವರು ಕಡಿಮೆ. ಪೇಪರ್ ಹಾಕುವ ಹುಡುಗನನ್ನಾಗಲಿ ಮನೆಗೆಲಸಕ್ಕೆ ನಡೆದು ಬರುವ ಹೆಂಗಸರನ್ನಾಗಲಿ ನಾನು ಯಾವ ಸಭೆಯಲ್ಲೂ ಕಂಡಿಲ್ಲ. 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ಸಭೆಗಳಿಗೂ ಬಲವಿರಲಿಲ್ಲ. ಇವೆಲ್ಲ ಸರಿಪಡಿಸಬಹುದಾದ ಕೊರತೆಗಳು. ಸಭೆಯೇ ಬೇಡ ಎನ್ನಲು ಇವು ಕಾರಣವಾಗಲಾರವು.

ವಿರೋಧ: ಆ ಸಭೆಯಲ್ಲಿ ಸೈಕಲ್ಲಿನವರು ಇರುವುದಿಲ್ಲ

*ಲೇಖಕಿ ಆನೇಕಲ್ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಶಾಲೆಗೆ ಸೈಕಲ್ಲಿನಲ್ಲಿ ಹೋಗುತ್ತಾರೆ*

ಬೆಳಿಗ್ಗೆ ಐದೂವರೆಗೆ ಹೊಸೂರು ರಸ್ತೆಗೆ ಬಂದು ನಿಲ್ಲಿ. ಬೊಮ್ಮಸಂದ್ರ, ಜಿಗಣಿ ಕಡೆಯ ಕಾರ್ಖಾನೆಗಳ ಮೊದಲ ಶಿಫ್ಟಿಗೆ ಹೊರಟವರು ಸರ್ವಿಸ್ ರಸ್ತೆಯ ಅಂಚಿನಲ್ಲಿ ಸಾಲಾಗಿ ಬರುತ್ತಾರೆ. ಹ್ಯಾಂಡಲ್ಲಿಗೆ ಊಟದ ಡಬ್ಬಿ ಸಿಕ್ಕಿಸಿಕೊಂಡಿರುತ್ತಾರೆ, ಬೆಲ್ಲು ಇರುವುದಿಲ್ಲ, ಹಿಂದೆ ರಿಫ್ಲೆಕ್ಟರ್ ಇದ್ದರೆ ಅದೇ ಹೆಚ್ಚು. ಎದುರಿನಿಂದ ರಾತ್ರಿ ಪಾಳಿ ಮುಗಿಸಿದ ಸೆಕ್ಯುರಿಟಿಯವರು ಬರುತ್ತಾರೆ. ಇನ್ನಷ್ಟು ಹೊತ್ತು ಕಳೆದರೆ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಮೂರು ಮೂರು ಜನ ಕೈ ಹಿಡಿದುಕೊಂಡು, ಮೋರಿಯ ಚಪ್ಪಡಿಯ ಮೇಲೆ ಕಾಲಿಟ್ಟರೆ ಜಾರೀತೆಂದು ರಸ್ತೆಗಿಳಿದೇ ನಡೆಯುತ್ತಾರೆ. ಪಕ್ಕದಲ್ಲೇ ಕಂಟೇನರ್ ಲಾರಿಗಳು ಹಾಯುತ್ತವೆ. ಬೇರೆ ಗತಿ ಇಲ್ಲದೆ, ಎಲ್ಲಕ್ಕಿಂತ ಹೆಚ್ಚು ಸೈಕಲ್ ತುಳಿಯುವವರು, ಹೆಚ್ಚು ನಡೆಯುವವರು ಇವರು.

ಇವರಲ್ಲಿ ಯಾರೂ ನಿವಾಸಿಗಳ ಸಂಘದ ಸದಸ್ಯರಲ್ಲ. ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಸಭೆ ಕರೆದರೆ ಬರಲು ಇವರಿಗೆ ಪುರುಸೊತ್ತಿಲ್ಲ. ವಾರಕ್ಕೆ ಸಿಗುವ ಆ ಒಂದು ದಿನ ಬಟ್ಟೆ ಒಗೆಯಬೇಕು, ರೇಷನ್ ತರಬೇಕು. ಎಷ್ಟೋ ಜನರ ವೋಟು ರಾಯಚೂರಿನಲ್ಲೋ ಕಲಬುರಗಿಯಲ್ಲೋ ಒಡಿಶಾದಲ್ಲೋ ಇದೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಅವರಿಗೆ ದಾರಿ ಬೇಕಾಗಿರುವುದು ತಾವು ಮಲಗುವ ಶೆಡ್ಡಿನ ಮುಂದೆ ಅಲ್ಲ. ಶೆಡ್ಡಿಗೂ ಕಾರ್ಖಾನೆಗೂ ನಡುವಿನ ಐದಾರು ಬಡಾವಣೆಗಳಲ್ಲಿ. ಆ ಬಡಾವಣೆಯವರ ಕಣ್ಣಿಗೆ ಇವರು ಹಾದುಹೋಗುವ ಅಪರಿಚಿತರು. ಸ್ಥಳೀಯರ ಅಭಿಪ್ರಾಯ ಎಂದರೆ ಯಾರ ಅಭಿಪ್ರಾಯ?

ನಾನೂ ಅಂಥ ಸಭೆಗೆ ಹೋಗಿದ್ದೇನೆ. ಬಡಾವಣೆಯ ಹೆಸರು ಬೇಡ. ಮುಖ್ಯರಸ್ತೆಯ ಒಂದು ಬದಿಯ ಪಾರ್ಕಿಂಗ್ ತೆಗೆದು, ಅಲ್ಲಿ ಸೈಕಲ್ ಪಥ ಮಾಡಿ, ಅದನ್ನು ಬಸ್ ನಿಲ್ದಾಣಕ್ಕೂ ಹೈಸ್ಕೂಲಿಗೂ ಸೇರಿಸುವ ನಕ್ಷೆ ತಂದಿದ್ದರು. ಸರಳವಾದ, ಒಳ್ಳೆಯ ನಕ್ಷೆ. ಮೊದಲು ಎದ್ದು ನಿಂತವರು, “ಮೇಡಂ, ಬಂದ ನೆಂಟರು ಕಾರು ಎಲ್ಲಿ ನಿಲ್ಲಿಸಬೇಕು ಹೇಳಿ” ಎಂದರು. ಎರಡನೆಯವರು, “ಯಾರ್‍ಯಾರೋ ಬರ್ತಾರೆ, ಮನೆ ಮುಂದೆ ಸೇಫ್ಟಿ ಇರಲ್ಲ” ಎಂದರು. ಅಂಗಡಿಯವರು ವ್ಯಾಪಾರ ಹೋಗುತ್ತದೆ ಎಂದರು. ಯಾರೂ ಕೆಟ್ಟವರಲ್ಲ, ಅವರವರ ಬಾಗಿಲಿನ ಚಿಂತೆ ಅವರವರಿಗೆ. ಕೊನೆಗೆ ಎಲ್ಲರ ಮನಸ್ಸಿಗೂ ಒಪ್ಪುವಂತೆ ಸೈಕಲ್ ಪಥ ಪಾರ್ಕಿನ ಸುತ್ತ ಬಂತು. ಹಸಿರು ಬಣ್ಣ ಬಳಿದರು, ಬೋರ್ಡು ಹಾಕಿದರು. ಅದು ಶುರುವಾದಲ್ಲಿಗೇ ಬಂದು ಸೇರುತ್ತದೆ. ಹೈಸ್ಕೂಲಿನ ಮಕ್ಕಳು ಈಗಲೂ ನಿಂತ ಕಾರು ಮತ್ತು ಓಡುವ ಬಸ್ಸಿನ ನಡುವೆಯೇ ತುಳಿಯುತ್ತಾರೆ. ಜನಸಹಭಾಗಿತ್ವದ ವರದಿಯಲ್ಲಿ ಮಾತ್ರ ಆ ಯೋಜನೆಗೆ ಒಳ್ಳೆಯ ಮಾತುಗಳಿವೆ.

ದಾರಿ ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತುಂಡಾಗದೆ ಹೋಗಬೇಕು. ಹತ್ತು ಬಡಾವಣೆಗಳಲ್ಲಿ ಒಂಬತ್ತು ಒಪ್ಪಿ ಒಂದು ಬೇಡವೆಂದರೆ ಆ ಒಂದು ಕಿಲೋಮೀಟರಿನಲ್ಲಿ ತಾಯಂದಿರು ಮಕ್ಕಳನ್ನು ಸೈಕಲ್ಲಿನಲ್ಲಿ ಕಳಿಸುವುದಿಲ್ಲ. ಉಳಿದ ಒಂಬತ್ತೂ ವ್ಯರ್ಥ. ಬೆಂಗಳೂರಿನಲ್ಲಿ ಸಾರ್ವಜನಿಕ ಕ್ರಾಸುಗಳಿಗೇ ಗೇಟು ಹಾಕಿ ರಾತ್ರಿ ಬೀಗ ಜಡಿಯುವ ಬಡಾವಣೆಗಳಿವೆ. ಹಗಲು ಹೊರಗಿನವರು ಒಳದಾರಿಯಲ್ಲಿ ಹಾಯಬಾರದೆಂದು ಕಾವಲಿನವರನ್ನು ಕೂರಿಸುವವರೂ ಇದ್ದಾರೆ. ಇವರ ಕೈಗೆ ನಕ್ಷೆ ಕೊಟ್ಟರೆ ಏನು ಬರುತ್ತದೆಂದು ಊಹಿಸಬೇಕಾಗಿಲ್ಲ.

ಇದು ಹಕ್ಕಿನ ವಿಷಯ, ಅದನ್ನೇ ಗಟ್ಟಿಯಾಗಿ ಹೇಳಬೇಕೆಂದು ಈ ಲೇಖನ ಒಪ್ಪಿಕೊಂಡೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಡೆತಡೆ ಇಲ್ಲದ, ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಪಾದಚಾರಿಗಳಿಗೆ ಸಂವಿಧಾನದ 21ನೇ ವಿಧಿಯಡಿ ಸಿಕ್ಕಿರುವ ಹಕ್ಕು ಎಂದಿತು. ಜೀವಿಸುವ ಹಕ್ಕಿನ ವಿಧಿ ಅದು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಐವರಲ್ಲಿ ಒಬ್ಬರು. ಆಸ್ಪತ್ರೆಯಲ್ಲಿ ಆಕ್ಸಿಜನ್ ಪೈಪು ಎಲ್ಲಿ ಹಾಯಬೇಕೆಂದು ಅಕ್ಕಪಕ್ಕದ ಮನೆಯವರ ಕೈ ಎತ್ತಿಸುವುದಿಲ್ಲ. ಫ್ಲೈಓವರ್ ಕಟ್ಟುವಾಗ ಅದು ನಗರದ ಅಗತ್ಯ ಎನ್ನುವ ಅಧಿಕಾರಿಗಳು ಸೈಕಲ್ ಪಥದ ಮಾತು ಬಂದಾಗ ಮಾತ್ರ ಬೀದಿಯವರ ಒಪ್ಪಿಗೆ ಬೇಕು ಎನ್ನುತ್ತಾರಲ್ಲ, ಅದು ನನಗೆ ಸಿಟ್ಟು ತರಿಸುತ್ತದೆ.

ನೆದರ್ಲೆಂಡಿನ ಗ್ರೋನಿಂಗನ್ ಇಂದು ಸೈಕಲ್ಲಿಗೆ ಹೆಸರಾದ ಊರು. 1977ರ ಸೆಪ್ಟೆಂಬರಿನ ಒಂದು ರಾತ್ರಿ ಅಲ್ಲಿನ ಆಡಳಿತ ಊರಿನ ನಡುಭಾಗವನ್ನು ನಾಲ್ಕು ಹೋಳು ಮಾಡಿತು. ಒಂದು ಹೋಳಿನಿಂದ ಇನ್ನೊಂದಕ್ಕೆ ಕಾರಿನವರು ಹೊರಗಿನ ವರ್ತುಲ ರಸ್ತೆ ಬಳಸಿಯೇ ಹೋಗಬೇಕು. ನಡೆಯುವವರು, ಸೈಕಲ್ಲಿನವರು ನೇರ ಹೋಗಬಹುದು. ಅಂಗಡಿಯವರು ಜೋರಾಗಿ ವಿರೋಧಿಸಿದರು. ಇದರ ಹಿಂದಿದ್ದ ಮ್ಯಾಕ್ಸ್ ವಾನ್ ಡೆನ್ ಬರ್ಗ್ ಆಗಿನ್ನೂ ಮೂವತ್ತರ ಆಸುಪಾಸಿನ ರಾಜಕಾರಣಿ, ಹಿಂದೆ ಸರಿಯಲಿಲ್ಲ. ಎಲ್ಲರೂ ಒಪ್ಪಲಿ ಎಂದು ಕಾದಿದ್ದರೆ ಅಲ್ಲಿಯೂ ಪಾರ್ಕಿನ ಸುತ್ತಲೇ ಪಥ ಬರುತ್ತಿತ್ತು. ಅದೇ ದೇಶದಲ್ಲಿ ಎಪ್ಪತ್ತರ ದಶಕದ ಆರಂಭದಲ್ಲಿ ಮಕ್ಕಳ ಸಾವಿನ ವಿರುದ್ಧ ಬೀದಿಗಿಳಿದವರು ಸಾಮಾನ್ಯ ಜನರೇ, ಅವರ ಒತ್ತಡವಿಲ್ಲದೆ ಯಾವ ರಾಜಕಾರಣಿಗೂ ಧೈರ್ಯ ಬರುತ್ತಿರಲಿಲ್ಲ ಎಂದು ಎದುರಿನವರು ಹೇಳಬಹುದು. ಹೌದು, ಜನ ಚಳವಳಿ ಮಾಡಲೇಬೇಕು, ಇಲ್ಲೂ ಮಾಡಬೇಕು. ಆ ತಾಯಿತಂದೆಯರು ಕೇಳಿದ್ದು ರಕ್ಷಣೆ. ಯಾವ ಬೀದಿಗೆ ರಕ್ಷಣೆ ಬೇಡ ಎನ್ನುವ ಅಧಿಕಾರವನ್ನು ಅವರು ಕೇಳಲಿಲ್ಲ.

ಮತಕ್ಕೆ ಹಾಕಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆ ಇದೆ. 2025ರ ಮಾರ್ಚಿನಲ್ಲಿ ಪ್ಯಾರಿಸ್ ನಗರ ಇನ್ನೂ 500 ಬೀದಿಗಳನ್ನು ನಡೆಯುವವರಿಗೆ ಬಿಡಬೇಕೇ ಎಂದು ಜನಮತ ಕೇಳಿತು. ಮತ ಹಾಕಿದವರಲ್ಲಿ ಸುಮಾರು ಶೇ. 66 ಜನ ಬೇಕೆಂದರು. ಆದರೆ ಬಂದು ಮತ ಹಾಕಿದವರೇ ಶೇ. 4ರ ಆಸುಪಾಸು. ಈ ಸಲ ಫಲ ಚೆನ್ನಾಗಿಯೇ ಬಂತು, ನನಗೆ ಸಂತೋಷವೇ. ಅಷ್ಟು ಕಡಿಮೆ ಜನ ಸೇರಿದಲ್ಲಿ ಬೇಡವೆನ್ನುವ ಚಿಕ್ಕ ಗುಂಪೊಂದು ಸಂಘಟಿತವಾಗಿ ಬಂದಿದ್ದರೆ ಎಂಬ ಭಯ ಮಾತ್ರ ಹೋಗುವುದಿಲ್ಲ.

ಜನರ ಮನಸ್ಸು ತಿಳಿಯಬೇಕಾದರೆ ಮೊದಲು ಮಾಡಿ ತೋರಿಸಿ. 2020ರ ನವೆಂಬರಿನಿಂದ ಮುಂದಿನ ಫೆಬ್ರವರಿವರೆಗೆ ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯಕ್ಕೆ ವಾಹನ ಬಿಡಲಿಲ್ಲ. ಅಜ್ಜ ಅಜ್ಜಿಯರು, ತಳ್ಳುಗಾಡಿಯಲ್ಲಿ ಕೂಸು ಕೂರಿಸಿಕೊಂಡವರು ರಸ್ತೆಯ ನಟ್ಟನಡುವೆ ನಡೆದರು. ಕೂತು ಚರ್ಚಿಸಿದ್ದರೆ ಅಂಥ ಸಂಜೆಯೊಂದನ್ನು ಯಾರಿಗೆ ಕಲ್ಪಿಸಿಕೊಳ್ಳಲು ಸಾಧ್ಯವಿತ್ತು?

ನನ್ನ ಮಕ್ಕಳ ಮಾತನ್ನೂ ಹೇಳಬೇಕು. ಶಾಲೆಯ ಮಕ್ಕಳನ್ನು ನಾನು ಹಾಗೇ ಕರೆಯುವುದು. ನಮ್ಮ ರಾಜ್ಯ 2006-07ರಿಂದ ಸರ್ಕಾರಿ ಶಾಲೆಯ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿತು; ಕೋವಿಡ್ ಕಾಲದಲ್ಲಿ ಅದು ನಿಂತಿತು. ಸೈಕಲ್ ಬಂದ ದಿನ ಶಾಲೆಯ ಮೈದಾನದಲ್ಲಿ ಹುಡುಗಿಯರು ಕತ್ತಲಾಗುವವರೆಗೂ ಬೀಳುತ್ತ ಏಳುತ್ತ ಕಲಿಯುತ್ತಿದ್ದರು. ಕೆಲವೇ ತಿಂಗಳಲ್ಲಿ ಒಬ್ಬಳು ನಡೆದು ಬರತೊಡಗಿದಳು. ಕೇಳಿದರೆ, “ಮಿಸ್, ಲಾರಿ ಜಾಸ್ತಿ ಆಗಿದೆ, ಅಪ್ಪ ಬೇಡ ಅಂದ್ರು” ಎಂದಳು. ಸೈಕಲ್ ಕೊಡುವಾಗ ಸರ್ಕಾರ ಯಾವ ಬಡಾವಣೆಯನ್ನೂ ಕೇಳಲಿಲ್ಲ, ಒಂದೇ ಆದೇಶದಲ್ಲಿ ಕೊಟ್ಟಿತು. ಅದೇ ಹುಡುಗಿ ಸೈಕಲ್ ತುಳಿಯುವ ರಸ್ತೆಗೂ ಅಂಥದೇ ಆದೇಶ ಬೇಕು.

ಹಾಗೆಂದು ಯಾರನ್ನೂ ಕೇಳಲೇಬಾರದು ಎನ್ನುತ್ತಿಲ್ಲ. ರಸ್ತೆ ದಾಟುವ ಜಾಗ ಗೊತ್ತುಮಾಡುವಾಗ ಎಂಜಿನಿಯರ್ ಒಬ್ಬರೇ ಕೂತರೆ ತಪ್ಪುತ್ತಾರೆ, ಅದನ್ನು ಶಾಲೆಯ ಮುಂದೆಯೇ ಕಂಡಿದ್ದೇನೆ. ಗೇಟಿನಿಂದ ನಾನೂರು ಹೆಜ್ಜೆ ದೂರದಲ್ಲಿ ಜೀಬ್ರಾ ಪಟ್ಟಿ ಬಳಿದು ಹೋಗಿದ್ದಾರೆ. ಒಂದು ಮಗುವೂ ಅಲ್ಲಿಗೆ ಹೋಗಿ ದಾಟುವುದಿಲ್ಲ. ಮಕ್ಕಳನ್ನೇ ಕೇಳಿದ್ದರೆ ಪಟ್ಟಿ ಸರಿಯಾದ ಕಡೆ ಬೀಳುತ್ತಿತ್ತು. ದಾರಿ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ನಗರದ ನಕ್ಷೆ, ಅಳತೆಯ ನಿಯಮ, ಕಾನೂನು ಮುಗಿಸಿಬಿಡಲಿ. ಆಮೇಲೆ ಎಲ್ಲಿ ದಾಟಬೇಕು, ಎಲ್ಲಿ ದೀಪ ಬೇಕು, ಯಾವ ಚಪ್ಪಡಿ ಅಲ್ಲಾಡುತ್ತದೆ ಎಂದು ಧಾರಾಳವಾಗಿ ಕೇಳಿ. ಕೇಳುವುದಾದರೆ ಬೆಳಿಗ್ಗೆ ಐದೂವರೆಗೆ ಕಾರ್ಖಾನೆಯ ಗೇಟಿನ ಮುಂದೆ ನಿಂತು ಕೇಳಿ. ಕನ್ನಡದ ಜೊತೆಗೆ ತಮಿಳು, ತೆಲುಗು, ಹಿಂದಿ, ಒಡಿಯಾ ಬಲ್ಲವರನ್ನೂ ಕರೆದುಕೊಂಡು ಬನ್ನಿ.