ಕೊನೆಯ ಬೆಂಚಿನ ಅಕ್ಕ

ನಮ್ಮ ಚರ್ಚಿಗೆ ಬರುವ ಒಬ್ಬ ಅಕ್ಕ ಪ್ರತಿ ಭಾನುವಾರವೂ ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕವೇ ಕೂರುತ್ತಾರೆ. ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದು ಸಾಲಿನಲ್ಲಿ ನಿಂತರೆ ಅವರು ಮಾತ್ರ ಮೊಣಕಾಲು ಸರಿಸಿ ದಾರಿ ಬಿಡುತ್ತಾರೆ. ಹಾಗೆ ದಾರಿ ಬಿಡಿಸಿಕೊಂಡು ಹೋದವರಲ್ಲಿ ನಾನೂ ಒಬ್ಬಳು, ಆರು ವರ್ಷ. ಗಂಡನಿಂದ ವಿಚ್ಛೇದನ ಪಡೆದವರಲ್ಲವೇ, ಪ್ರಸಾದ ತೆಗೆದುಕೊಳ್ಳುವ ಹಾಗಿಲ್ಲ ಎಂದು ಯಾರೋ ಅವರಿಗೆ ಹೇಳಿದ್ದರು. ಅವರು ನಂಬಿದರು. ನಾವೂ ನಂಬಿದೆವು.

ಅದು ಸುಳ್ಳು. ಕಥೋಲಿಕ ಧರ್ಮಸಭೆಯ ನಿಯಮದಲ್ಲಿ ವಿಚ್ಛೇದನವೊಂದೇ ಪರಮಪ್ರಸಾದಕ್ಕೆ ಅಡ್ಡಿಯಲ್ಲ. ಪ್ರಶ್ನೆ ಏಳುವುದು, ಮೊದಲ ಮದುವೆಯನ್ನು ಧರ್ಮಸಭೆ ಅಸಿಂಧುವೆಂದು ಹೇಳದಿರುವಾಗ ಮರುಮದುವೆಯಾದವರ ವಿಷಯದಲ್ಲಿ. ಅವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ಒಬ್ಬೊಬ್ಬರ ಬದುಕನ್ನೂ ಬಿಡಿಯಾಗಿ ನೋಡಿ ಎಂದು ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೆತೀತ್ಸಿಯಾ’ ಎಂಬ ಬೋಧನಾ ಪತ್ರದಲ್ಲಿ ಗುರುಗಳನ್ನು ಕೇಳಿಕೊಂಡಿದ್ದರು. ಈ ಅಕ್ಕ ಮರುಮದುವೆಯಾದವರೇ ಅಲ್ಲ. ಧರ್ಮಸಭೆ ವಿಧಿಸದ ಶಿಕ್ಷೆಯನ್ನು ಬೆಂಚಿನಲ್ಲಿ ಕೂತ ನಾವು ವಿಧಿಸಿದ್ದೆವು.

ಹೀಗೇಕೆಂದು ಕೇಳಿದರೆ ನಮ್ಮ ಬಾಯಲ್ಲಿ ಉತ್ತರ ಸಿದ್ಧ: ದ್ವೇಷ ಪಾಪದ ಮೇಲೆ, ಪಾಪಿಯ ಮೇಲಲ್ಲ. ಈ ಮಾತಿನ ಬೇರು ಸಂತ ಅಗಸ್ಟೀನರು ಐದನೆಯ ಶತಮಾನದಲ್ಲಿ ಕನ್ಯಾಸ್ತ್ರೀಯರ ಮಠವೊಂದಕ್ಕೆ ಬರೆದ ಪತ್ರದಲ್ಲಿದೆ. ಒಂದೇ ಸೂರಿನಡಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಂಡು, ಮುಖ ತಪ್ಪಿಸಿಕೊಳ್ಳಲಾಗದೆ ಬದುಕುವವರಿಗೆ ಹೇಳಿದ ಮಾತದು. ನಾವು ಅದನ್ನು ಹೇಳುವುದು ಎಂದೂ ಹೊಸ್ತಿಲು ತುಳಿಯದ ಮನೆಯವರ ಬಗ್ಗೆ. ಪೂಜೆ ಮುಗಿದ ಮೇಲೆ ಮಾತೆಯ ಗವಿಯ ಬಳಿ ನಿಂತು ಆ ಅಕ್ಕನ ವಿಷಯ ಎಷ್ಟು ಸಲ ಆಡಿಕೊಂಡಿದ್ದೇವೋ ಲೆಕ್ಕವಿಲ್ಲ. ತಪ್ಪು ಮಾಡಿದವನ ಬಳಿಗೆ ಮೊದಲು ಒಬ್ಬನೇ ಹೋಗಿ ಮಾತಾಡಬೇಕೆಂದು ಯೇಸುಸ್ವಾಮಿ ಕಲಿಸಿದ್ದು ಮತ್ತಾಯನ 18ನೇ ಅಧ್ಯಾಯದಲ್ಲಿದೆ. ಒಬ್ಬರಾದರೂ ಹೋಗಿದ್ದೆವೇ?

ಯೊವಾನ್ನನ 8ನೇ ಅಧ್ಯಾಯದ ಆ ಹೆಂಗಸಿನ ಕಥೆ ಎಲ್ಲರಿಗೂ ಗೊತ್ತು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದವಳೆಂದು ಎಳೆದು ತಂದು ನಡುವೆ ನಿಲ್ಲಿಸಿದರು. ಯಾಜಕಕಾಂಡದ ಪ್ರಕಾರ ಗಂಡಸಿಗೂ ಅದೇ ಮರಣದಂಡನೆ. ಅವನೆಲ್ಲಿ? ಕಥೆಯಲ್ಲಿ ಅವನ ಸುಳಿವೇ ಇಲ್ಲ. ನಮಗೆ ಸಿಕ್ಕಿರುವ ಅತಿ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಈ ಕಥೆಯೇ ಇಲ್ಲ. ಹೆಂಡತಿಯರಿಗೆ ಸಲಿಗೆ ಕೊಟ್ಟಂತಾದೀತೆಂದು ಹೆದರಿದವರು ಇದನ್ನು ಕಿತ್ತುಹಾಕಿರಬೇಕು ಎಂದು ಅದೇ ಅಗಸ್ಟೀನರು ಅನುಮಾನಪಟ್ಟಿದ್ದರು. ಅನುಮಾನ ನಿಜವೋ ಅಲ್ಲವೋ, ಆ ಹೆದರಿಕೆ ಇಂದಿಗೂ ನಮ್ಮಲ್ಲಿದೆ. ಹೆಂಡತಿಗೆ ಹೊಡೆಯುತ್ತಾನೆಂದು ಊರಿಗೇ ಗೊತ್ತಿರುವವನು ಹಬ್ಬದ ಮೆರವಣಿಗೆಯಲ್ಲಿ ಮುಂದೆ ನಡೆಯುತ್ತಾನೆ. ಅವನ ವಿಷಯ ಬಂದಾಗ ಮಾತ್ರ ನಮಗೆ ‘ತೀರ್ಪು ಮಾಡಬಾರದು’ ಎಂಬುದು ನೆನಪಾಗುತ್ತದೆ. ಅಂಥ ರಿಯಾಯಿತಿಯನ್ನು ಪಾಪಿಯ ಸ್ವೀಕಾರ ಎನ್ನಲು ನನಗೆ ಮನಸ್ಸಿಲ್ಲ.

ಯೇಸು ಆ ಹೆಂಗಸಿಗೆ ಪಾಪ ಪಾಪವೇ ಅಲ್ಲವೆಂದು ಹೇಳಲಿಲ್ಲ, ಇನ್ನು ಮಾಡಬೇಡವೆಂದೇ ಕಳಿಸಿದರು. ಆದರೆ ನಾನೂ ನಿನ್ನನ್ನು ದಂಡಿಸುವುದಿಲ್ಲವೆಂಬ ಮಾತು ಅದಕ್ಕಿಂತ ಮೊದಲು ಬಂತು. ನಾವು ಹಿಂದುಮುಂದು ಮಾಡಿಕೊಂಡಿದ್ದೇವೆ. ಮೊದಲು ನೀನು ಸರಿಹೋಗು, ಆಮೇಲೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆ.

ಕಳೆದ ತಪಸ್ಸುಕಾಲದಲ್ಲಿ ಗುರುಗಳೊಬ್ಬರ ಪ್ರಬೋಧನೆಯಿಂದ ವಿಚ್ಛೇದನದ ಬಗೆಗಿನ ನಿಯಮ ಗೊತ್ತಾದ ಮೇಲೆ ನಾನು ಕೊನೆಯ ಬೆಂಚಿಗೆ ಹೋಗಿ ಅವರ ಪಕ್ಕ ಕೂತೆ. ಪೂಜೆ ಮುಗಿದು ಜನ ಖಾಲಿಯಾದ ಮೇಲೆ ವಿಷಯ ಹೇಳಿದೆ. ಅವರು ಗಾನಪುಸ್ತಕದ ಹರಿದ ಅಂಚನ್ನು ಬೆರಳಲ್ಲಿ ಸವರುತ್ತ ತುಂಬ ಹೊತ್ತು ಕೂತಿದ್ದರು.

“ಹಾಗಾದ್ರೆ ಇಷ್ಟು ವರ್ಷ ಯಾರೂ ಯಾಕೆ ಹೇಳ್ಲಿಲ್ಲಮ್ಮ?”

ನನಗೆ ಮಾತು ಹೊರಡಲಿಲ್ಲ. ಬರುವ ಶನಿವಾರ ಸಂಜೆ ಇಬ್ಬರೂ ಗುರುಗಳ ಬಳಿಗೆ ಹೋಗುವವರಿದ್ದೇವೆ.