ಕನಕಾಂಬರದ ಬೆಟ್ಟದ ನೆಂಟ

ಅತ್ತಿಗುಪ್ಪೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ಕನಕಾಂಬರದ ಕುಂಡವಿದೆ. ಹೂ ಉದುರಿದ ಮೇಲೆ ಉಳಿಯುವ ಒಣ ತೆನೆಯನ್ನು ಕಿತ್ತೆಸೆಯುವುದು ನನ್ನ ಅಭ್ಯಾಸ. ಹೋದ ಭಾನುವಾರ ಅಣ್ಣನ ಮಗಳು ಅದರಿಂದ ನಾಲ್ಕು ಒಣ ಕಾಯಿ ಬಿಡಿಸಿ, ನೀರಿದ್ದ ಬಟ್ಟಲಿಗೆ ಹಾಕಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಟ್! ಕಾಯಿ ಸಿಡಿದು ಬೀಜ ಹೊರಗೆ ಹಾರಿತು. ನೀವೂ ಮಾಡಿ ನೋಡಿ ಮಕ್ಕಳೇ. ಕಾಯಿ ಚೆನ್ನಾಗಿ ಒಣಗಿರಬೇಕು, ಮುಖ ಬಟ್ಟಲಿನಿಂದ ದೂರವಿರಬೇಕು, ಅಷ್ಟೇ.

ನೀರು ಸೋಕಿದಾಗಲೇ ಏಕೆ ಸಿಡಿಯಬೇಕು? ನೀರು ಎಂದರೆ ಮಳೆ ಬಂತು ಎಂದು ಅರ್ಥ. ಮಳೆ ಬಂದಾಗ ನೆಲಕ್ಕೆ ಬಿದ್ದ ಬೀಜಕ್ಕೆ ಮೊಳೆಯುವುದು ಸುಲಭ.

ಕನಕಾಂಬರದ ನೆಂಟರು ಬಹಳ. ಗೋರಂಟೆ, ಕೆಮ್ಮಿಗೆ ಅಜ್ಜಿ ಕಷಾಯ ಮಾಡುವ ಆಡುಸೋಗೆ, ಎಲ್ಲ ಒಂದೇ ಕುಟುಂಬ. ಅದೇ ಕುಟುಂಬದಲ್ಲಿ ಬೆಟ್ಟ ಬಿಟ್ಟು ಇಳಿಯದ ಒಬ್ಬ ನೆಂಟನಿದ್ದಾನೆ. ಅವನೇ ನೀಲಕುರಿಂಜಿ. ನಮ್ಮ ಮಲೆನಾಡಿನಲ್ಲಿ ಗುರಿಗೆ ಎನ್ನುತ್ತಾರೆ.

2022ರಲ್ಲಿ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನಲ್ಲಿ ಅದು ಅರಳಿತ್ತು. ನಾವೂ ಹೋಗಿದ್ದೆವು. ಆಗ ಅವಳಿಗೆ ಒಂಬತ್ತು ವರ್ಷ. ಮೊಣಕಾಲೆತ್ತರದ ಪೊದೆಗಳ ತುಂಬ ಪುಟ್ಟ ಗಂಟೆಯಂಥ ಹೂಗಳು. ಇಳಿಜಾರಿಗೆ ಇಳಿಜಾರೇ ನೀಲಿ. ಬರುವಾಗ ನೆನಪಿಗೆಂದು ನಾನೇ ಒಂದು ಗೊಂಚಲು ಮುರಿದು ಚೀಲಕ್ಕೆ ಹಾಕಿಕೊಂಡೆ. ಮನೆಗೆ ಬಂದು ನೋಡಿದರೆ ಬೇಯಿಸಿದ ಸೊಪ್ಪಿನಂತಾಗಿತ್ತು. ಬುಟ್ಟಿಗೆ ಎಸೆದು ಮರೆತೂಬಿಟ್ಟೆ.

ಮೊನ್ನೆ ಬಟ್ಟಲಿನ ಬೀಜ ಹೆಕ್ಕುತ್ತಾ ಅವಳು ಕೇಳಿದಳು: “ಅತ್ತೆ, ಅವತ್ತು ನೀವು ಮುರಿದುಕೊಂಡು ಬಂದ ಗೊಂಚಲಲ್ಲಿ ಬೀಜ ಆಗಿತ್ತಾ?”

ಆಗಿರಲಿಲ್ಲ.

ಅದು ಎಷ್ಟು ದೊಡ್ಡ ತಪ್ಪು ಎಂದು ತಿಳಿಯಲು ಈ ಗಿಡದ ಬದುಕನ್ನು ನೋಡಬೇಕು. ನಮ್ಮ ಕನಕಾಂಬರ ತಿಂಗಳುಗಟ್ಟಲೆ ಹೂ ಬಿಡುತ್ತಲೇ ಇರುತ್ತದೆ. ನೀಲಕುರಿಂಜಿ ಹುಟ್ಟಿದ ಮೇಲೆ ಸುಮಾರು 12 ವರ್ಷ ಬರೀ ಎಲೆ, ಕೊಂಬೆ ಬೆಳೆಸುತ್ತದೆ. ಆಮೇಲೆ ಬೆಟ್ಟದ ಗಿಡಗಳೆಲ್ಲ ಒಟ್ಟಿಗೆ, ಆಗಸ್ಟ್‌ನಿಂದ ಅಕ್ಟೋಬರ್ ಹೊತ್ತಿಗೆ, ಒಂದೇ ಸಲ ಅರಳುತ್ತವೆ. ಜೇನುಗಳಿಗೆ ಹಬ್ಬ. ಬೀಜ ಬಲಿತ ಮೇಲೆ ಗಿಡ ಒಣಗಿ ಸಾಯುತ್ತದೆ. ಇನ್ನೊಂದು ಅವಕಾಶ ಅದಕ್ಕಿಲ್ಲ. ಇದರ ಅಣ್ಣತಮ್ಮಂದಿರಲ್ಲಿ ಒಂದಾದ ಕಾರ್ವಿಗೆ ಎಂಟು ವರ್ಷದ ಲೆಕ್ಕ; ಅದರ ಒಣಕಾಯಿಗಳು ಮರುವರ್ಷದ ಮೊದಲ ಮಳೆಗೆ ನಮ್ಮ ಬಟ್ಟಲಿನಲ್ಲಿ ಆದಂತೆಯೇ ಪಟಪಟ ಸಿಡಿಯುತ್ತವೆ.

ಎಲ್ಲ ಗಿಡಗಳೂ ಒಟ್ಟಿಗೆ ಏಕೆ ಅರಳಬೇಕು? ವಿಜ್ಞಾನಿಗಳು ಹೇಳುವ ಒಂದು ಕಾರಣ ಇದು: ಒಂದೇ ವರ್ಷ ರಾಶಿ ರಾಶಿ ಬೀಜ ಬಿದ್ದರೆ, ಹಕ್ಕಿ, ಇಲಿ, ಹುಳುಗಳು ಹೊಟ್ಟೆ ಬಿರಿಯೆ ತಿಂದರೂ ಮೊಳೆಯಲು ಸಾಕಷ್ಟು ಉಳಿಯುತ್ತದೆ.

ಇದನ್ನು ಕುಂಡದಲ್ಲಿ ಬೆಳೆಸೋಣ ಎನ್ನಬೇಡಿ. ನೀಲಕುರಿಂಜಿಗೆ ಬೇಕಾದದ್ದು ಸಮುದ್ರಮಟ್ಟದಿಂದ ಸುಮಾರು 1300ರಿಂದ 2400 ಮೀಟರ್ ಎತ್ತರದ ಹುಲ್ಲುಗಾವಲು, ಮಂಜು, ತಂಪು ಗಾಳಿ. ಬೆಂಗಳೂರಿನ ಎತ್ತರ 900 ಮೀಟರ್ ಆಸುಪಾಸು; ಮುಳ್ಳಯ್ಯನಗಿರಿಯದು 1930 ಮೀಟರ್. ಆ ಬೆಟ್ಟಗಳ ಕಣಿವೆಯಲ್ಲಿ ಶೋಲಾ ಕಾಡು, ಇಳಿಜಾರಿನಲ್ಲಿ ಹುಲ್ಲು. ಎರಡೂ ಸೇರಿ ಮಳೆನೀರನ್ನು ಹಿಡಿದು ನಿಧಾನವಾಗಿ ಹರಿಸುತ್ತವೆ. ವೇದಾವತಿ ನದಿ ಹುಟ್ಟುವುದು ಇದೇ ಸಾಲಿನಲ್ಲಿ. ನೀಲಗಿರಿ, ಮುನ್ನಾರ್ ಕಡೆ ಇಂಥ ಹುಲ್ಲುಗಾವಲನ್ನು ‘ಖಾಲಿ ಜಾಗ’ ಎಂದುಕೊಂಡು ಚಹಾ, ನೀಲಗಿರಿ ಮರ, ಅಕೇಶಿಯಾ ನೆಟ್ಟರು. ಕುರಿಂಜಿಯ ನೆಲೆ ಕುಗ್ಗಿತು. ಅದನ್ನು ಉಳಿಸಲೆಂದೇ ಕೇರಳ 2006ರಲ್ಲಿ ಇಡುಕ್ಕಿ ಜಿಲ್ಲೆಯಲ್ಲಿ ಕುರಿಂಜಿಮಲೆ ಅಭಯಾರಣ್ಯ ಮಾಡಿತು.

ಅಭಯಾರಣ್ಯ ಮಾಡುವುದು ಸರ್ಕಾರದ ಕೆಲಸ. ಕೈ ಕಟ್ಟಿಕೊಂಡು ನೋಡುವುದು ನಮ್ಮ ಕೆಲಸ. ಸಾವಿರ ಜನ ಹೋಗಿ ತಲೆಗೊಂದು ಗೊಂಚಲು ಮುರಿದರೆ, ಹನ್ನೆರಡು ವರ್ಷ ಕೂಡಿಟ್ಟ ಬೀಜ ನಮ್ಮ ಕಸದ ಬುಟ್ಟಿ ಸೇರುತ್ತದೆ. ದಾರಿ ಬಿಟ್ಟು ಪೊದೆಗಳ ಮಧ್ಯೆ ಫೋಟೊಗೆ ನಿಂತರೂ ಅಷ್ಟೇ.

ತಮಿಳುನಾಡಿನ ಪಳನಿ ಬೆಟ್ಟದ ಪಳಿಯರು ಹಿಂದೆ ವಯಸ್ಸನ್ನೇ ಕುರಿಂಜಿಯಲ್ಲಿ ಎಣಿಸುತ್ತಿದ್ದರು ಎನ್ನುತ್ತಾರೆ. ಹಾಗೆ ಎಣಿಸಿದರೆ ಅಣ್ಣನ ಮಗಳಿಗೆ ಈಗ ಒಂದು ಕುರಿಂಜಿ. ಲೆಕ್ಕ ತಪ್ಪದಿದ್ದರೆ 2034ರಲ್ಲಿ ಮುಳ್ಳಯ್ಯನಗಿರಿ ಮತ್ತೆ ನೀಲಿಯಾಗಬೇಕು. “ಆಗ ನಾನೇ ನಿಮ್ಮನ್ನ ಕರ್ಕೊಂಡ್ ಹೋಗ್ತೀನಿ, ಆದ್ರೆ ಚೀಲ ತರಬಾರದು” ಎಂದಿದ್ದಾಳೆ. ಒಪ್ಪಿದ್ದೇನೆ.