ಕತಾರಿನಲ್ಲಿ ಶಾಲೆ ಆರಿಸುವಾಗ ಊರನ್ನೂ ಲೆಕ್ಕಕ್ಕೆ ಹಿಡಿಯಿರಿ

ಏಪ್ರಿಲ್‌ನಲ್ಲಿ ಆರಂಭವಾಗುವ ಶೈಕ್ಷಣಿಕ ವರ್ಷಕ್ಕೆ ಮಕ್ಕಳನ್ನು ಸೇರಿಸಲು ಕತಾರಿನ ಕನ್ನಡಿಗರ ಮನೆಗಳಲ್ಲಿ ಓಡಾಟ ಶುರುವಾಗಿದೆ. ನಾವಿರುವ ಮುಐದರ್‌ನಲ್ಲಂತೂ ಸಂಜೆ ಯಾರು ಎದುರಾದರೂ ಇದೇ ಮಾತು. ಸೀಟು ಸಿಕ್ಕಿತೇ, ಫೀಸು ಎಷ್ಟು, ಯಾವ ಶಾಲೆ ಒಳ್ಳೆಯದು? ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದು, ಈಗಷ್ಟೇ ಫ್ಯಾಮಿಲಿ ವೀಸಾ ಕೈಗೆ ಬಂದವರ ಆತುರ ಇನ್ನೂ ಹೆಚ್ಚು. ಒಂದರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಶಾಲೆ ಹುಡುಕುವಾಗ ನಮ್ಮವರು ಸಾಮಾನ್ಯವಾಗಿ ಕೇಳದೇ ಬಿಡುವ ಪ್ರಶ್ನೆಯೊಂದಿದೆ: ನಾಳೆ ಕೆಲಸ ಹೋದರೆ ಈ ಶಾಲೆಯಿಂದ ಮಗುವನ್ನು ಊರಿನ ಶಾಲೆಗೆ ಸೇರಿಸುವುದು ಎಷ್ಟು ಸುಲಭ?

ಇಲ್ಲಿ ಭಾರತೀಯ ಶಾಲೆಗಳು ಹಲವಾರಿವೆ. 1974ರಲ್ಲಿ ಶುರುವಾದ ಎಂ.ಇ.ಎಸ್., 1985ರ ಐಡಿಯಲ್, ಆಮೇಲೆ ಬಂದ ಬಿರ್ಲಾ, ಡಿ.ಪಿ.ಎಸ್., ಶಾಂತಿನಿಕೇತನ, ಭವನ್ಸ್, ಹೀಗೆ. ಇವೆಲ್ಲ ಸಿ.ಬಿ.ಎಸ್.ಇ. ಪಠ್ಯಕ್ರಮದವು. ಸೀಟಿಗೆ ಬೇಡಿಕೆ ಎಷ್ಟಿತ್ತೆಂದರೆ ಕೆಲವು ಶಾಲೆಗಳಲ್ಲಿ ಮಧ್ಯಾಹ್ನದ ಪಾಳಿಯೂ ಬಂತು. ಇವುಗಳ ಜೊತೆಗೆ ಬ್ರಿಟಿಷ್, ಅಮೆರಿಕನ್ ಪಠ್ಯಕ್ರಮದ ಶಾಲೆಗಳಿವೆ. ಕಂಪನಿಯೇ ಫೀಸು ಕಟ್ಟುವವರು ಅತ್ತ ಹೋದರೆ ಆಕ್ಷೇಪವಿಲ್ಲ. ಸ್ವಂತ ಸಂಬಳದಲ್ಲಿ ಕಟ್ಟುವವರು, ಗೆಳೆಯರ ಮಕ್ಕಳು ಹೋಗುತ್ತಾರೆಂದು ಅಂಥ ಶಾಲೆಯ ಬಾಗಿಲಿಗೆ ಹೋಗುವುದನ್ನು ಕಂಡಾಗ ಮಾತ್ರ ನಮಗೆ ಕಳವಳವಾಗುತ್ತದೆ.

ಏಕೆಂದರೆ ಕೆಲಸ ಹೋಗುವುದು ಮಾರ್ಚ್ ತಿಂಗಳು ನೋಡಿಕೊಂಡಲ್ಲ. ಅಕ್ಟೋಬರ್‌ನಲ್ಲಿ ಪ್ರಾಜೆಕ್ಟ್ ಮುಗಿಯಬಹುದು, ಡಿಸೆಂಬರ್‌ನಲ್ಲಿ ಕಂಪನಿ ಜನ ಕಡಿಮೆ ಮಾಡಬಹುದು. ಇಲ್ಲಿ ಸಿ.ಬಿ.ಎಸ್.ಇ. ಓದುತ್ತಿದ್ದ ಆರನೇ ತರಗತಿಯ ಹುಡುಗಿ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಅದೇ ಪಠ್ಯವನ್ನು ಮುಂದುವರಿಸಬಹುದು. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ವರ್ಷ ಶುರುವಾಗುವ ಬ್ರಿಟಿಷ್ ಶಾಲೆಯ ಹುಡುಗಿಯನ್ನು ಯಾವ ತರಗತಿಗೆ ಸೇರಿಸುವುದು ಎಂಬಲ್ಲಿಂದಲೇ ಚರ್ಚೆ ಆರಂಭವಾಗುತ್ತದೆ. ಸಿ.ಬಿ.ಎಸ್.ಇ.ಯಲ್ಲೂ ಎಂಟರ ನಂತರ ದಾರಿ ಕಿರಿದಾಗುತ್ತದೆ. ಒಂಬತ್ತರಲ್ಲಿ ಮಂಡಳಿಗೆ ಹೆಸರು ನೋಂದಣಿಯಾಗುತ್ತದೆ, ಹತ್ತಕ್ಕೆ ನೇರ ಪ್ರವೇಶ ಸುಲಭವಲ್ಲ. ಹಾಗಾಗಿ ಮಗು ಏಳಕ್ಕೆ ಬಂದಾಗಲೇ ಗಂಡ ಹೆಂಡತಿ ಕುಳಿತು ಮುಂದಿನ ಮೂರು ವರ್ಷದ ಮಾತನ್ನು ಆಡಿಬಿಡಬೇಕು. ಅಂದಹಾಗೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವರ್ಷದ ನಡುವೆ ಬಂತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಊರಿನ ಸರ್ಕಾರಿ ಶಾಲೆಯ ಬಾಗಿಲು ತೆರೆದೇ ಇರುತ್ತದೆ. ಅದನ್ನು ನೆನೆಸಿಕೊಳ್ಳಲೂ ನಮ್ಮ ಗಲ್ಫ್ ಕುಟುಂಬಗಳಿಗೆ ಏನೋ ಸಂಕೋಚ.

ಇನ್ನು ಹಣದ ಮಾತು. ಲೆಕ್ಕಪತ್ರವೇ ನಮ್ಮ ಕಸುಬಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಖಾಸಗಿ ಶಾಲೆ ಫೀಸು ಏರಿಸಬೇಕಾದರೆ ಕತಾರಿನ ಶಿಕ್ಷಣ ಸಚಿವಾಲಯದ ಒಪ್ಪಿಗೆ ಬೇಕು. ಆದರೆ ಮನೆಯ ಲೆಕ್ಕ ತಪ್ಪುವುದು ಬೋಧನಾ ಶುಲ್ಕದಲ್ಲಲ್ಲ. ಬಸ್ಸು, ಪುಸ್ತಕ, ಸಮವಸ್ತ್ರ, ನೋಂದಣಿಯಲ್ಲಿ. ಎಲ್ಲವನ್ನೂ ಕೂಡಿಸಿ ವರ್ಷದ ಒಟ್ಟು ಮೊತ್ತ ಬರೆಯಿರಿ. ಅದರ ಪಕ್ಕದಲ್ಲಿ ನಿಮ್ಮ ಗ್ರಾಚ್ಯುಟಿಯನ್ನು ಬರೆಯಿರಿ. 2004ರ ಕಾರ್ಮಿಕ ಕಾನೂನಿನಂತೆ ಸೇವೆಯ ಪ್ರತಿ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲ ವೇತನ ಸಿಗುತ್ತದೆ. ಮೂಲ ವೇತನ 5,000 ರಿಯಾಲ್ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 3,500 ರಿಯಾಲ್. ಎರಡು ಶಾಲೆಗಳ ನಡುವಿನ ವ್ಯತ್ಯಾಸ ಒಂದು ಮಗುವಿಗೆ ತಿಂಗಳಿಗೆ 300 ರಿಯಾಲ್ ಎಂದಾದರೆ, ಇಬ್ಬರು ಮಕ್ಕಳಿಗೆ ಹತ್ತು ತಿಂಗಳಲ್ಲಿ 6,000. ಒಂದು ವರ್ಷದ ಹೆಚ್ಚುವರಿ ಫೀಸಿಗೆ ಹೆಚ್ಚುಕಡಿಮೆ ಎರಡು ವರ್ಷದ ಗ್ರಾಚ್ಯುಟಿ ಹೋಯಿತು. ಕೊಡಬೇಡಿ ಎನ್ನುತ್ತಿಲ್ಲ, ಗೊತ್ತಿದ್ದೇ ಕೊಡಿ. ದೋಹಾದ ಶಾಲೆಯ ರಸೀದಿಯನ್ನು ಊರಿನ ಬಾಡಿಗೆ ಆದಾಯದ ತೆರಿಗೆಗೆ ತೋರಿಸಬಹುದೇ ಎಂದು ಕೇಳುವವರಿದ್ದಾರೆ. ಆಗದು. ನಾವೆಲ್ಲ 80ಸಿ ಎಂದು ಕರೆಯುತ್ತಾ ಬಂದ ರಿಯಾಯಿತಿ ಭಾರತದೊಳಗಿನ ಶಾಲೆಗಳ ಬೋಧನಾ ಶುಲ್ಕಕ್ಕೆ ಮಾತ್ರ.

ಎರಡು ಕಂತು ಬಾಕಿಯಿದ್ದಾಗ ಕೆಲಸ ಕಳೆದುಕೊಂಡವರ ಪಾಡನ್ನು ನಾವು ಹತ್ತಿರದಿಂದ ನೋಡಿದ್ದೇವೆ. ವಿಮಾನದ ಟಿಕೆಟ್ ಇದೆ, ಮಗುವಿನ ಟಿ.ಸಿ. ಇಲ್ಲ. ಬಾಕಿ ಕಟ್ಟಿದ ಮೇಲೆ ಟಿ.ಸಿ. ಎಂಬುದು ಶಾಲೆಯ ಉತ್ತರ. ಟಿ.ಸಿ. ಸಿಕ್ಕ ಮೇಲೂ ಅದಕ್ಕೆ ಸಾಮಾನ್ಯವಾಗಿ ಸಚಿವಾಲಯದ ಮುದ್ರೆ ಹಾಕಿಸುವ ಅಲೆದಾಟ ಇರುತ್ತದೆ. ಸೇರಿಸುವ ದಿನವೇ ಬಿಡುವ ದಿನದ ನಿಯಮ ಕೇಳಿ: ಎಷ್ಟು ದಿನ ಮೊದಲು ತಿಳಿಸಬೇಕು, ಕಟ್ಟಿದ ಫೀಸಿನಲ್ಲಿ ಎಷ್ಟು ವಾಪಸು ಬರುತ್ತದೆ? ಒಂದು ಕಂತಿನಷ್ಟು ಹಣವನ್ನು ಬೇರೆ ಖಾತೆಯಲ್ಲಿಟ್ಟು ಅದನ್ನು ಮರೆತುಬಿಡಿ.

ಭಾಷೆಯ ವಿಷಯವನ್ನೂ ಬಿಡುವಂತಿಲ್ಲ. ಇಲ್ಲಿನ ಖಾಸಗಿ ಶಾಲೆಗಳಲ್ಲಿ ಅರಬ್ಬಿ ಮತ್ತು ಕತಾರ್ ಇತಿಹಾಸ ಕಡ್ಡಾಯ. ಅದು ಮಗುವಿಗೆ ಲಾಭವೇ. ಎರಡನೇ ಭಾಷೆಯಾಗಿ ಹಿಂದಿಯಿದೆ, ಹಲವೆಡೆ ಮಲಯಾಳವೂ ಇದೆ, ಕನ್ನಡವನ್ನು ಹುಡುಕಬೇಕು. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಸಿ.ಬಿ.ಎಸ್.ಇ. ಶಾಲೆಗಳಲ್ಲೂ ಕನ್ನಡ ಕಲಿಕೆಯನ್ನು ಹಂತಹಂತವಾಗಿ ತಂದಿದೆ. ಅಜ್ಜಿಯೊಡನೆ ಫೋನಿನಲ್ಲಿ ಚೆನ್ನಾಗಿ ಮಾತಾಡುವ ಮಗು ಏಳನೇ ತರಗತಿಯ ಕನ್ನಡ ಪುಸ್ತಕದ ಮುಂದೆ ಕುಳಿತು ಅಕ್ಷರ ತಡಕಾಡುವುದು ಸಣ್ಣ ಸಂಕಟವಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳನ್ನು ಇಂಟರ್ನೆಟ್‌ನಿಂದ ಹಣ ಕೊಡದೆ ಇಳಿಸಿಕೊಳ್ಳಬಹುದು. ಶುಕ್ರವಾರ ಬೆಳಿಗ್ಗೆ ಒಂದು ಗಂಟೆ ಸಾಕು. ರಜೆಗೆ ಹೋದಾಗ ಕಲಿಸೋಣ ಎಂದವರ ಮಕ್ಕಳು ಕಲಿತದ್ದನ್ನು ನಾವು ಕಂಡಿಲ್ಲ.

ಊರಿಗೆ ಮರಳುವುದು ಎಂದಾದರೂ ಒಂದು ದಿನದ ಮಾತು. ಮನೆಗೆ ಮರಳುವುದು ದಿನಾ ನಡೆಯಬೇಕಾದದ್ದು. ಮುಐದರ್‌ನಲ್ಲಿ ಬಾಡಿಗೆ ನೋಡಿಕೊಂಡು ವಿಲ್ಲಾದ ಒಂದು ಭಾಗ ಹಿಡಿದವರು, ಶಾಲೆಯನ್ನು ವಕ್ರಾದಲ್ಲೋ ವುಕೈರ್‌ನಲ್ಲೋ ಆರಿಸಿಕೊಂಡರೆ ಮಗು ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಬೇಕು. ಒಂದನೇ ತರಗತಿಯ ಮಗುವಿಗೆ ಅದು ದೊಡ್ಡ ಪ್ರಯಾಣ. 2022ರ ಸೆಪ್ಟೆಂಬರ್‌ನಲ್ಲಿ ವಕ್ರಾದ ಶಿಶುವಿಹಾರವೊಂದರ ಬಸ್ಸಿನಲ್ಲಿ ನಿದ್ದೆ ಹೋಗಿದ್ದ ಕೇರಳ ಮೂಲದ ನಾಲ್ಕು ವರ್ಷದ ಮಗುವನ್ನು ಯಾರೂ ಗಮನಿಸದೆ ಬಾಗಿಲು ಹಾಕಿ ಹೋದರು. ಬಿಸಿಲಿಗೆ ಮಗು ತೀರಿಕೊಂಡಿತು. ಸಚಿವಾಲಯ ಆ ಶಿಶುವಿಹಾರವನ್ನು ಮುಚ್ಚಿಸಿತು. ಫೀಸಿನ ಕೌಂಟರಿಗೆ ಹೋಗುವ ಮೊದಲು ಸಾರಿಗೆ ನೋಡಿಕೊಳ್ಳುವವರನ್ನು ಕಂಡು ಮಾತಾಡಿ. ನಮ್ಮ ಬಡಾವಣೆಯ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಯಾರಿರುತ್ತಾರೆ, ಎಲ್ಲರೂ ಇಳಿದ ಮೇಲೆ ಕೊನೆಯ ಸೀಟಿನವರೆಗೆ ಹೋಗಿ ನೋಡುವವರು ಯಾರು, ಮಗು ತರಗತಿಗೆ ಬಾರದಿದ್ದರೆ ಎಷ್ಟು ಹೊತ್ತಿಗೆ ಮನೆಗೆ ಫೋನ್ ಬರುತ್ತದೆ ಎಂದು ಕೇಳಿ. ತಡವರಿಸದೆ ಉತ್ತರಿಸುವ ಶಾಲೆಯ ಅರ್ಜಿಯನ್ನೇ ಮೊದಲು ತುಂಬಿಸಿ.